ವಿಮಾನಯಾನದ ದೂರವೂ ಕಾಲವೂ

ಎರಡು ವಿಮಾನನಿಲ್ದಾಣಗಳ ನಡುವೆ ದೂರವೆಷ್ಟು, ಅದನ್ನು ಕ್ರಮಿಸುವುದಕ್ಕೆ ಹಿಡಿಯುವ ಕಾಲವೆಷ್ಟು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಬಾಲಕರ ಲೆಕ್ಕದಂತೆ ತೋರುವುದು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ಬರುವುದು. ತ್ರೈರಾಶಿಕವನ್ನು ಬಲ್ಲವನಿಗೆ ಇದರಲ್ಲಿ ವಿಚಾರಮಾಡತಕ್ಕದ್ದು ಏನುಳಿಯಿತು ಎಂದು ಯಾರಾದರೂ ಕೇಳಬಹುದು. ಆದರೆ ಬೆಂಗಳೂರಿನಿಂದ ಲಂಡನ್ನಿಗೆ ಎಲ್ಲಿಯೂ ಇಳಿಯದೆ ಹೋಗುವ ವಿಮಾನದ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಈ ಲೆಕ್ಕಕ್ಕೆ ತೊಡಗಿದವನು ಮೂರು ಕಡೆಗಳಲ್ಲಿ ಎಡವುವನು. ಪುಸ್ತಕಗಳಲ್ಲಿ ದೂರವೆಂದು ಕಾಣುವ ಸಂಖ್ಯೆ ಒಂದಾದರೆ, ವಿಮಾನವು ಹಾರಿದ ಮಾರ್ಗದ ಉದ್ದ ಮತ್ತೊಂದು. ಹೋಗುವುದಕ್ಕೆ ಹಿಡಿಯುವ ಕಾಲ ಒಂದಾದರೆ, ಹಿಂದಿರುಗುವುದಕ್ಕೆ ಹಿಡಿಯುವ ಕಾಲ ಮತ್ತೊಂದು. ಗಡಿಯಾರವು ತೋರಿಸುವ ಕಾಲವು ಈ ಎರಡಕ್ಕೂ ಹೊಂದದ ಮೂರನೆಯದು. ಈ ಭೇದಗಳಿಗೆ ಪಾಠಶಾಲೆಗಳಲ್ಲಿ ಹಲವು ವೇಳೆ ಕೊಡುವ ಸಮಾಧಾನವು ಯುಕ್ತಿಗೂ ಅನುಭವಕ್ಕೂ ವಿರುದ್ಧವಾಗಿದೆ. ಆ ಸಮಾಧಾನದ ಬೀಜವನ್ನು ಸುಮಾರು ಹದಿನೈದು ಶತಮಾನಗಳ ಹಿಂದಣ ಜ್ಯೋತಿಷಗ್ರಂಥಗಳಲ್ಲಿಯೇ ಕಾಣಬಹುದಾದುದರಿಂದ ಈ ವಿಷಯವು ವಿದ್ವಾಂಸರ ಅವಗಾಹನೆಗೆ ಯೋಗ್ಯವಾದುದೇ ಸರಿ.

ಮೊದಲು ದೂರವನ್ನು ವಿಚಾರಿಸೋಣ. ದೇವನಹಳ್ಳಿಯ ಬಳಿ ೨೦೦೮ರ ಮೇ ೨೪ರಂದು ತೆರೆದ ಬೆಂಗಳೂರಿನ ವಿಮಾನನಿಲ್ದಾಣದ ಅಕ್ಷಾಂಶವು ಉತ್ತರ ೧೩ ಅಂಶ ೧೨ ಕಲೆ. ರೇಖಾಂಶವು ಪೂರ್ವ ೭೭ ಅಂಶ ೪೨ ಕಲೆ. ಲಂಡನ್ನಿನ ಹೀಥ್ರೋ ನಿಲ್ದಾಣದ ಅಕ್ಷಾಂಶವು ಉತ್ತರ ೫೧ ಅಂಶ ೨೮ ಕಲೆ. ಅದು ಗ್ರೀನಿಚ್ ರೇಖೆಯಿಂದ ೨೭ ಕಲೆಗಳಷ್ಟು ಪಶ್ಚಿಮಕ್ಕಿರುವುದು. ಹೀಗಾಗಿ ಅಕ್ಷಾಂಶಗಳ ಅಂತರ ೩೮ ಅಂಶ ೧೬ ಕಲೆ, ರೇಖಾಂಶಗಳ ಅಂತರ ೭೮ ಅಂಶ ೯ ಕಲೆ. ಇವೆರಡನ್ನೂ ಸಮಕೋನತ್ರಿಭುಜದ ಎರಡು ಬಾಹುಗಳೆಂದೆಣಿಸಿ ಕರ್ಣವನ್ನು ಸಾಧಿಸಿದರೆ ದೂರವು ಸಿಕ್ಕೀತೆಂಬುದು ಸಹಜವಾಗಿ ಹೊಳೆಯುವ ಉಪಾಯ.

ಇದೇ ತ್ರಿಭುಜವನ್ನು ಪ್ರಾಚೀನರು ತಿರುಗುಮುರುಗಾಗಿ ಬಳಸುತ್ತಿದ್ದರು. ಎರಡು ಊರುಗಳ ನಡುವಣ ಯೋಜನಸಂಖ್ಯೆಯು ಜನರ ಬಾಯಿಂದ ತಿಳಿದಿದ್ದರೆ ಅದನ್ನು ಕರ್ಣವೆಂದೂ, ಅಕ್ಷಾಂಶಗಳ ಅಂತರದಿಂದ ಬಂದ ಯೋಜನಗಳನ್ನು ಒಂದು ಬಾಹುವೆಂದೂ ಇಟ್ಟುಕೊಂಡು, ಇನ್ನೊಂದು ಬಾಹುವಾದ ದೇಶಾಂತರವನ್ನು ತೆಗೆಯುವುದು ಆ ಕ್ರಮ. ಏಳನೆಯ ಶತಮಾನದಲ್ಲಿದ್ದ ಮೊದಲನೆಯ ಭಾಸ್ಕರನು ತನ್ನ ಮಹಾಭಾಸ್ಕರೀಯದಲ್ಲಿ ಈ ಕ್ರಮವನ್ನು ಎತ್ತಿ ಅದರ ಮೇಲಣ ಆಕ್ಷೇಪವನ್ನೂ ಹೇಳಿದ್ದಾನೆ. ಜನರು ಹೇಳುವ ಯೋಜನಸಂಖ್ಯೆಯು ಸ್ಥೂಲವಾದುದು; ಮೇಲಾಗಿ ಭೂಮಿಯು ಗೋಲವಾದುದರಿಂದ ಸಮತಲದ ತ್ರಿಭುಜವು ಅಲ್ಲಿ ಸಲ್ಲದು. (ಸಿದ್ಧಾಂತಶಿರೋಮಣಿಯ ಕರ್ತೃವಾದ ಭಾಸ್ಕರನು ಈತನಿಗಿಂತ ಐದು ಶತಮಾನಗಳಷ್ಟು ಈಚಿನವನು. ಇವರಿಬ್ಬರನ್ನೂ ಒಬ್ಬನೇ ಎಂದು ಬರೆಯುವ ರೂಢಿಯು ಇನ್ನೂ ಪೂರ್ತಿಯಾಗಿ ತೊಲಗಿಲ್ಲ.)

ಈ ಆಕ್ಷೇಪದ ಬಲವೆಷ್ಟೆಂಬುದನ್ನು ಪ್ರಕೃತ ಉದಾಹರಣೆಯಲ್ಲಿ ಪರೀಕ್ಷಿಸಬಹುದು. ಒಂದು ಅಂಶಕ್ಕೆ ಸುಮಾರು ೧೧೧ ಕಿಲೋಮೀಟರಿನಂತೆ ದಕ್ಷಿಣೋತ್ತರವಾದ ಬಾಹುವು ೪,೨೫೦ ಕಿಲೋಮೀಟರಿನಷ್ಟಾಗುವುದು. ಪೂರ್ವಪಶ್ಚಿಮವಾದ ಬಾಹುವನ್ನು ಎಲ್ಲಿ ಅಳೆಯಬೇಕು? ಬೆಂಗಳೂರಿನ ಅಕ್ಷವೃತ್ತದಲ್ಲಿ ಅಳೆದರೆ ಕರ್ಣವು ಸುಮಾರು ೯,೪೭೦ ಕಿಲೋಮೀಟರು. ಲಂಡನ್ನಿನ ಅಕ್ಷವೃತ್ತದಲ್ಲಿ ಅಳೆದರೆ ೬,೮೯೦. ಎರಡರ ನಡುವಣ ಅಕ್ಷವೃತ್ತವನ್ನು ಹಿಡಿದರೆ ೮,೪೯೦. ಒಂದೇ ದೂರಕ್ಕೆ ಮೂರು ಉತ್ತರಗಳು ಬಂದವು, ಮೂರೂ ತಪ್ಪು. ಗೋಲದ ಮೇಲೆ ಎರಡು ಬಿಂದುಗಳ ಅತ್ಯಲ್ಪವಾದ ಅಂತರವೆಂದರೆ, ಅವೆರಡನ್ನೂ ಭೂಕೇಂದ್ರವನ್ನೂ ಒಳಗೊಂಡ ತಲವು ಭೂಮಿಯನ್ನು ಕತ್ತರಿಸಿದಾಗ ದೊರೆಯುವ ಮಹಾವೃತ್ತದ ಚಾಪವು. ಗೋಲೀಯ ತ್ರಿಕೋಣಮಿತಿಯಿಂದ ಅದನ್ನು ಗಣಿಸಿದರೆ ೭೨ ಅಂಶ ೨೧ ಕಲೆ ಬರುವುದು. ಇದು ಸುಮಾರು ೮,೦೪೦ ಕಿಲೋಮೀಟರಿಗೆ ಸಮ.

ಆದರೆ ಬೆಂಗಳೂರಿನಿಂದ ಮಂಗಳೂರಿನ ಬಜ್ಪೆಯ ನಿಲ್ದಾಣಕ್ಕಿರುವ ದೂರವನ್ನು ಈ ಎರಡು ಕ್ರಮಗಳಿಂದಲೂ ತೆಗೆದರೆ ಎರಡರಲ್ಲಿಯೂ ಸುಮಾರು ೩೦೬ ಕಿಲೋಮೀಟರೇ ಬರುವುದು. ಸಮೀಪದ ಊರುಗಳಲ್ಲಿ ಗೋಲದ ವಕ್ರತೆಯು ಅಡಗಿಕೊಂಡಿರುವುದು. ದೂರವು ಹೆಚ್ಚಿದಂತೆಲ್ಲ ಅದು ತಲೆಯೆತ್ತುವುದು. ಗ್ರಹಗಣಿತಕ್ಕಾಗಿ ಕೆಲವು ನೂರು ಯೋಜನಗಳೊಳಗಣ ದೇಶಾಂತರವಷ್ಟೇ ಬೇಕಾಗಿದ್ದ ಕಾಲದಲ್ಲಿ ಭಾಸ್ಕರನು ಈ ದೋಷವನ್ನು ಗಮನಿಸಿದನೆಂಬುದು ಅವನ ಸೂಕ್ಷ್ಮದೃಷ್ಟಿಗೆ ಸಾಕ್ಷಿಯಾಗಿದೆ.

ಈ ಮಹಾವೃತ್ತದ ಇನ್ನೊಂದು ವಿಚಿತ್ರವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಲಂಡನ್ನಿಗೆ ಬೆಂಗಳೂರು ೩೮ ಅಂಶಗಳಷ್ಟು ದಕ್ಷಿಣದಲ್ಲಿದೆ. ಭೂಪಟವನ್ನು ನೋಡಿದವನು ಲಂಡನ್ನಿನಿಂದ ಆಗ್ನೇಯಕ್ಕೆ ಮುಖಮಾಡಿ ಹೊರಡಬೇಕೆಂದು ತಿಳಿಯುವನು. ಗಣಿತವಾದರೋ ನೇರವಾಗಿ ಪೂರ್ವಕ್ಕೆ ಹೊರಡೆಂದು ಹೇಳುವುದು. ಪೂರ್ವದಿಕ್ಕಿಗೂ ಆ ದಿಕ್ಕಿಗೂ ಒಂದು ಅಂಶದ ಅಂತರ ಸಹ ಇಲ್ಲ. ಅಂದರೆ ಈ ಮಹಾವೃತ್ತವು ಲಂಡನ್ನಿನ ಬಳಿಯಲ್ಲಿಯೇ ತನ್ನ ಉತ್ತರತಮ ಸ್ಥಾನವನ್ನು ಮುಟ್ಟಿ ಅಲ್ಲಿಂದ ಬಾಗುವುದು. ಬೆಂಗಳೂರಿನಿಂದ ಹೊರಡುವಾಗ ಮಾತ್ರ ಉತ್ತರಕ್ಕೆ ಪಶ್ಚಿಮವಾಗಿ ಸುಮಾರು ೪೦ ಅಂಶಗಳ ದಿಕ್ಕನ್ನು ಹಿಡಿಯಬೇಕು. ಹೋಗುವ ದಿಕ್ಕು ಹೆಜ್ಜೆಹೆಜ್ಜೆಗೂ ಬದಲಾಗುತ್ತಿದ್ದರೂ ಹಾದಿಯು ನೇರವಾಗಿಯೇ ಇರುವುದೆಂಬ ಈ ಸಂಗತಿಯನ್ನು ವಿದ್ಯಾರ್ಥಿಗಳಿಗೆ ಭೂಪಟದ ಮೇಲೆ ಎಷ್ಟು ವಿವರಿಸಿದರೂ ಮನಸ್ಸಿಗೆ ಹತ್ತದು. ಒಂದು ಗೋಲವನ್ನೂ ಒಂದು ದಾರವನ್ನೂ ಕೈಗೆ ಕೊಟ್ಟರೆ ಕ್ಷಣಮಾತ್ರದಲ್ಲಿ ಹತ್ತುವುದು.

ಮಾನದ ವಿಷಯದಲ್ಲಿ ಎರಡು ಮಾತು. ಭೂಪರಿಧಿಯು ಆರ್ಯಭಟನ ಮತದಲ್ಲಿ ಸುಮಾರು ೩,೨೯೯ ಯೋಜನ, ಸೂರ್ಯಸಿದ್ಧಾಂತದಲ್ಲಿ ೫,೦೫೯, ಸಿದ್ಧಾಂತಶಿರೋಮಣಿಯಲ್ಲಿ ೪,೯೬೭. ಇದರಂತೆ ಬೆಂಗಳೂರು ಲಂಡನ್ನುಗಳ ಅಂತರವು ಕ್ರಮವಾಗಿ ೬೬೩, ೧,೦೧೭, ೯೯೮ ಯೋಜನಗಳಾಗುವುದು. ಭೂಮಿಯು ಹಿಗ್ಗಿಯೂ ಇಲ್ಲ, ಕುಗ್ಗಿಯೂ ಇಲ್ಲ. ಯೋಜನದ ಅಳತೆಯೇ ಬೇರೆಬೇರೆ. ಅಂಶಕಲೆಗಳಲ್ಲಿ ಹೇಳಿದರೆ ಮಾತ್ರ ಎಲ್ಲರ ಮತದಲ್ಲಿಯೂ ಉತ್ತರವು ಒಂದೇ. ಇಂದಿನ ವಿಮಾನಚಾಲಕರು ಕಿಲೋಮೀಟರನ್ನು ಬಿಟ್ಟು ನಾಟಿಕಲ್ ಮೈಲಿಯನ್ನು ಹಿಡಿದಿರುವುದರ ಮೂಲವೂ ಇದೇ. ಭೂಮಿಯ ಮೇಲೆ ಒಂದು ಕಲೆಯ ಚಾಪಕ್ಕೆ ಎಷ್ಟು ಉದ್ದವೋ ಅದನ್ನೇ ಆ ಮೈಲಿಯಾಗಿ ಮೊದಲು ಇಟ್ಟುಕೊಂಡರು; ಈಗ ಅದನ್ನು ೧,೮೫೨ ಮೀಟರೆಂದು ಗೊತ್ತುಮಾಡಿದೆ. ೭೨ ಅಂಶ ೨೧ ಕಲೆಯೆಂದರೆ ೪,೩೪೧ ಕಲೆ. ಆದುದರಿಂದ ದೂರವೂ ೪,೩೪೧ ನಾಟಿಕಲ್ ಮೈಲಿ. ವಿಮಾನದ ವೇಗವನ್ನು ‘ನಾಟ್’ಗಳಲ್ಲಿ ಹೇಳುವುದೆಂದರೆ ಗಂಟೆಗೆ ಇಷ್ಟು ಕಲೆಯೆಂದು ಹೇಳಿದಂತೆಯೇ ಆಯಿತು. ಗ್ರಹಗತಿಯನ್ನು ದಿನಕ್ಕೆ ಇಷ್ಟು ಕಲೆಯೆಂದು ಬರೆಯುವ ಪಂಚಾಂಗದವರಿಗೆ ಈ ರೀತಿಯು ಹೊಸದೆನಿಸಲಾರದು.

ಇನ್ನು ಮಾರ್ಗ. ಗಣಿತದ ಚಾಪವು ಬೆಂಗಳೂರಿನಿಂದ ಹೊರಟು ಸೌರಾಷ್ಟ್ರ, ಬಲೂಚಿಸ್ಥಾನ, ಇರಾನ್, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣಭಾಗ, ಕಪ್ಪು ಸಮುದ್ರ, ಯುಕ್ರೇನ್, ಜರ್ಮನಿಗಳ ಮೇಲಿನಿಂದ ಹಾದುಹೋಗುವುದು. ಆದರೆ ಆಕಾಶವು ಹಂಚಿಕೆಯಾಗಿದೆ. ತನ್ನ ನೆಲದ ಮೇಲಣ ಆಕಾಶವು ತನ್ನದೆಂದು ಪ್ರತಿಯೊಂದು ರಾಷ್ಟ್ರವೂ ಹೇಳುವ ಹಕ್ಕು ೧೯೪೪ರ ಷಿಕಾಗೋ ಒಪ್ಪಂದದಲ್ಲಿ ಅಂಗೀಕೃತವಾಗಿದೆ. ೨೦೨೨ರ ಫೆಬ್ರುವರಿ ೨೪ರಂದು ಯುದ್ಧವು ಮೊದಲಾದೊಡನೆ ಯುಕ್ರೇನಿನ ಆಕಾಶವು ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತು. ೨೦೨೫ರ ಏಪ್ರಿಲಿನಲ್ಲಿ ಪಾಕಿಸ್ಥಾನವು ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು. ಇತರ ದೇಶಗಳ ವಿಮಾನಗಳಿಗೆ ಈ ನಿಷೇಧವಿರಲಿಲ್ಲ. ಆಗ ಎರಡು ನಿಲ್ದಾಣಗಳೂ ಅವೇ, ದಿನವೂ ಅದೇ ಆಗಿದ್ದರೂ, ವಿಮಾನದ ಒಡೆಯನು ಯಾವ ದೇಶದವನೆಂಬುದರ ಮೇಲೆ ಮಾರ್ಗದ ಉದ್ದವು ಬೇರೆಯಾಯಿತು. ಇದಕ್ಕಿಂತ ತೀವ್ರವಾದ ಉದಾಹರಣೆ ಫಿನ್ಲೆಂಡಿನದು. ಹೆಲ್ಸಿಂಕಿಗೂ ಟೋಕಿಯೋವಿಗೂ ಇರುವ ದೂರ ಸುಮಾರು ೭,೮೦೦ ಕಿಲೋಮೀಟರು. ರಷ್ಯದ ಮೇಲೆ ಹಾರುತ್ತಿದ್ದಾಗ ಒಂಬತ್ತೂವರೆ ಗಂಟೆಗಳಷ್ಟು ಹಿಡಿಯುತ್ತಿದ್ದ ಈ ಪ್ರಯಾಣವು ೨೦೨೨ರಲ್ಲಿ ಆ ದಾರಿಯು ಮುಚ್ಚಿದ ಮೇಲೆ ಉತ್ತರಧ್ರುವದ ಕಡೆಯಿಂದ ಸುತ್ತಿ ಸುಮಾರು ಹದಿಮೂರು ಗಂಟೆಗಳದಾಯಿತು. ಗ್ರಂಥದಲ್ಲಿಯ ದೂರವು ಮಾತ್ರ ಒಂದು ಅಂಗುಲವೂ ಬೆಳೆಯಲಿಲ್ಲ. ಹಿಂದೆ ಮಾರ್ಗವನ್ನು ಗೊತ್ತುಮಾಡುತ್ತಿದ್ದುದು ಯಂತ್ರದ ಶಕ್ತಿ. ೧೯೪೮ರ ಜೂನ್ ೮ರಂದು ಮುಂಬಯಿಯಿಂದ ಹೊರಟ ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನವು ಕೈರೋ, ಜಿನೀವಾಗಳಲ್ಲಿ ಇಳಿದೇ ಲಂಡನ್ನನ್ನು ಸೇರಿತು. ಈಗ ಯಂತ್ರವು ಆ ಕಟ್ಟನ್ನು ಬಿಡಿಸಿದೆ. ರಾಜ್ಯಗಳು ಬೇರೊಂದು ಕಟ್ಟನ್ನು ಹಾಕಿವೆ.

ಮುಂದೆ ಕಾಲದ ವಿಚಾರ. ದೊಡ್ಡ ವಿಮಾನವು ಗಾಳಿಯಲ್ಲಿ ಗಂಟೆಗೆ ಸುಮಾರು ೯೦೦ ಕಿಲೋಮೀಟರು ಹೋಗುವುದೆಂದಿಟ್ಟುಕೊಂಡರೆ ೮,೦೪೦ ಕಿಲೋಮೀಟರಿಗೆ ಒಂಬತ್ತು ಗಂಟೆಗಿಂತ ತುಸು ಕಡಿಮೆ ಸಾಕು. ಆದರೆ ಬೆಂಗಳೂರಿನಿಂದ ಲಂಡನ್ನಿಗೆ ಹತ್ತು ಗಂಟೆಗೂ ಹೆಚ್ಚು ಹಿಡಿಯುವುದು. ಬರುವಾಗ ಅದಕ್ಕಿಂತ ಕಡಿಮೆ. ಈ ಭೇದಕ್ಕೆ ಕಾರಣವೇನು? ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವುದರಿಂದ ವಿಮಾನವು ಮೇಲಿರುವಾಗ ಕೆಳಗಿನ ನೆಲವು ಸರಿದುಹೋಗುವುದೆಂಬುದು ಪಾಠಶಾಲೆಗಳಲ್ಲಿ ಕೇಳಿಬರುವ ಸಮಾಧಾನ.

ಇದು ನಿಲ್ಲತಕ್ಕದ್ದಲ್ಲ. ನೆಲವೇ ಸರಿಯುವುದಾದರೆ ಲಂಡನ್ ನಗರವು ಪೂರ್ವಾಭಿಮುಖವಾಗಿ ಸರಿದು, ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಇದಿರಾಗಿ ಬರಬೇಕಾಗಿತ್ತು. ಆಗ ಹೋಗುವ ಕಾಲವೇ ಕಡಿಮೆಯಾಗಬೇಕಾಗಿತ್ತು. ಅನುಭವವು ಅದಕ್ಕೆ ವಿಪರೀತವಾಗಿದೆ. ಅಲ್ಲದೆ ಬೆಂಗಳೂರಿನ ಅಕ್ಷವೃತ್ತದಲ್ಲಿ ಭೂಮಿಯ ವೇಗವು ಗಂಟೆಗೆ ಸುಮಾರು ೧,೬೨೬ ಕಿಲೋಮೀಟರು. ಅಷ್ಟು ವೇಗವಾಗಿ ನೆಲವು ಜಾರಿದರೆ ಮೇಲೆದ್ದ ವಿಮಾನವು ಹತ್ತು ನಿಮಿಷಗಳಲ್ಲಿ ಅರಬ್ಬೀ ಸಮುದ್ರದಿಂದ ದೂರವಿರದು. ವರಾಹಮಿಹಿರನು ಪಂಚಸಿದ್ಧಾಂತಿಕೆಯಲ್ಲಿಯೂ ಲಲ್ಲನು ಶಿಷ್ಯಧೀವೃದ್ಧಿದದಲ್ಲಿಯೂ ಆರ್ಯಭಟನ ಭೂಭ್ರಮಣವಾದವನ್ನು ಖಂಡಿಸುವಾಗ ಹೂಡಿದ ಯುಕ್ತಿಯೂ ಇದೇ ಅಲ್ಲವೇ? ಭೂಮಿಯು ತಿರುಗುವುದಾದರೆ ಗೂಡನ್ನು ಬಿಟ್ಟು ಹಾರಿದ ಹಕ್ಕಿಗಳು ಮತ್ತೆ ಗೂಡಿಗೆ ಬರಲಾರವೆಂದು ಅವರು ಹೇಳಿದರು. ಹಕ್ಕಿಗಳು ಬರುತ್ತಿರುವುದರಿಂದ ಭೂಮಿಯು ಸ್ಥಿರವೆಂದು ನಿರ್ಣಯಿಸಿದರು. ಹಕ್ಕಿಯೂ ಅದನ್ನು ಹೊತ್ತ ಗಾಳಿಯೂ ಭೂಮಿಯೊಡನೆಯೇ ತಿರುಗುವವು ಎಂಬುದು ಅದಕ್ಕೆ ಉತ್ತರ. ವರಾಹಮಿಹಿರನ ವಾದದಲ್ಲಿ ವ್ಯಾಪ್ತಿಯು ತಪ್ಪಾಗಿದ್ದರೂ ಅವನ ಮಾತಿನಲ್ಲಿ ಪೂರ್ವಾಪರವಿರೋಧವಿರಲಿಲ್ಲ. ಇಂದಿನ ಪಾಠವಾದರೋ ಆರ್ಯಭಟನ ಸಿದ್ಧಾಂತವನ್ನು ಒಪ್ಪಿ, ಅದರ ಜೊತೆಗೆ ವರಾಹಮಿಹಿರನ ವ್ಯಾಪ್ತಿಯನ್ನೂ ಉಳಿಸಿಕೊಂಡಿರುವುದು.

ನಿಜವಾದ ಕಾರಣವು ಗಾಳಿ. ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ, ಸಮಶೀತೋಷ್ಣ ವಲಯದ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಪ್ರಬಲವಾದ ವಾಯುಪ್ರವಾಹಗಳಿವೆ. ಇವನ್ನು ಜೆಟ್ ಪ್ರವಾಹಗಳೆಂದು ಕರೆಯುವರು. ಇವುಗಳ ವೇಗವು ಗಂಟೆಗೆ ನೂರು ಇನ್ನೂರು ಕಿಲೋಮೀಟರಿರುವುದು ಸಾಮಾನ್ಯ. ಚಳಿಗಾಲದಲ್ಲಿ ಕೆಲವು ವೇಳೆ ಮುನ್ನೂರನ್ನೂ ಮೀರುವುದು. ಹೊಳೆಯಲ್ಲಿ ದೋಣಿಯು ಪ್ರವಾಹದೊಡನೆ ಹೋಗುವಾಗ ಬೇಗ, ಇದಿರಾಗಿ ಹೋಗುವಾಗ ತಡ ಎಂಬ ನ್ಯಾಯವೇ ಇಲ್ಲಿಯೂ ಸಲ್ಲುವುದು. ಜಪಾನಿನ ತಾತೆನೋ ವೀಕ್ಷಣಾಲಯದಲ್ಲಿ ವಾಸಬುರೋ ಓಯಿಶಿ ಎಂಬ ವಿದ್ವಾಂಸನು ಬೆಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದು ೧೯೨೬ರಲ್ಲಿಯೇ ಪ್ರಕಟಿಸಿದ್ದನು. ಜಗತ್ತಿಗೆಲ್ಲ ತಿಳಿಯಲೆಂದು ಅವನು ಅದನ್ನು ಎಸ್ಪೆರಾಂಟೋ ಭಾಷೆಯಲ್ಲಿ ಬರೆದುದರಿಂದ ಜಗತ್ತಿನಲ್ಲಿ ಹೆಚ್ಚು ಮಂದಿ ಅದನ್ನು ಓದಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರಲ್ಲಿ, ಜಪಾನಿನ ಮೇಲೆ ಹಾರಿದ ಅಮೆರಿಕದ ವಿಮಾನದವರು ಆ ಗಾಳಿಯನ್ನು ಕಷ್ಟಪಟ್ಟು ತಿಳಿದುಕೊಳ್ಳಬೇಕಾಯಿತು.

ಹಾಗಾದರೆ ಭೂಭ್ರಮಣಕ್ಕೂ ಈ ಭೇದಕ್ಕೂ ಸಂಬಂಧವೇ ಇಲ್ಲವೇ? ಇದೆ, ಆದರೆ ಅದು ಸಾಕ್ಷಾತ್ಕಾರಣವಲ್ಲ, ಪರಂಪರಾಕಾರಣ. ನಿರಕ್ಷದೇಶದ ಕಾದ ಗಾಳಿಯು ಮೇಲೆದ್ದು ಧ್ರುವಗಳ ಕಡೆಗೆ ಸಾಗುವುದು. ಬೆಂಗಳೂರಿನ ಅಕ್ಷವೃತ್ತದಲ್ಲಿ ೧,೬೨೬ ಕಿಲೋಮೀಟರಿನಂತೆ ಪೂರ್ವಕ್ಕೆ ತಿರುಗುವ ಭೂಮಿಯು ಲಂಡನ್ನಿನ ಅಕ್ಷವೃತ್ತದಲ್ಲಿ ೧,೦೪೦ ಕಿಲೋಮೀಟರಿನಂತೆ ಮಾತ್ರ ತಿರುಗುವುದು. ದಕ್ಷಿಣದಿಂದ ಬಂದ ಗಾಳಿಯು ತನ್ನ ಮೊದಲಿನ ವೇಗವನ್ನು ಹೊತ್ತುಕೊಂಡೇ ಬರುವುದರಿಂದ ಅಲ್ಲಿಯ ನೆಲವನ್ನು ಮೀರಿ ಪೂರ್ವಕ್ಕೆ ಧಾವಿಸುವುದು. ಉಷ್ಣಶೀತಗಳ ಭೇದವು ಚಳಿಗಾಲದಲ್ಲಿ ಹೆಚ್ಚಾಗಿರುವುದರಿಂದ ಆಗ ಇದರ ಬಲವೂ ಹೆಚ್ಚು. ದಕ್ಷಿಣ ಭಾರತದ ಮಳೆಗಾಲದಲ್ಲಿ ಮಾತ್ರ ಮೇಲಣ ಆಕಾಶದಲ್ಲಿ ಇದಕ್ಕೆ ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಪ್ರವಾಹವೊಂದುಂಟು. ಅದನ್ನು ೧೯೫೮ರಲ್ಲಿ ಪಿ. ಕೋಟೇಶ್ವರಂ ಎಂಬ ಭಾರತೀಯ ಪವನಶಾಸ್ತ್ರಜ್ಞರು ನಿರೂಪಿಸಿದರು.

ಹೋಗುವಾಗ ಕಳೆದುಕೊಂಡುದನ್ನು ಬರುವಾಗ ಪಡೆದರೆ ಲೆಕ್ಕವು ಸರಿಹೋಯಿತೆಂದು ಕೆಲವರು ಭಾವಿಸುವರು. ಅದೂ ಸರಿಯಲ್ಲ. ದೂರವು ೮,೦೦೦ ಕಿಲೋಮೀಟರು, ವಿಮಾನದ ವೇಗವು ೯೦೦, ಗಾಳಿಯದು ೧೦೦ ಆಗಿರಲಿ. ಇದಿರುಗಾಳಿಯಲ್ಲಿ ೧೦ ಗಂಟೆ, ಬೆಂಗಾಳಿಯಲ್ಲಿ ೮ ಗಂಟೆ, ಕೂಡಿ ೧೮ ಗಂಟೆ. ಗಾಳಿಯೇ ಇಲ್ಲದಿದ್ದರೆ ೧೭ ಗಂಟೆ ೪೭ ನಿಮಿಷ. ಇದಿರುಗಾಳಿಯು ಹೆಚ್ಚು ಹೊತ್ತು ತಡೆಯುವುದು, ಬೆಂಗಾಳಿಯು ಕಡಿಮೆ ಹೊತ್ತು ನೂಕುವುದು. ಆದುದರಿಂದ ಸಮಗಾಳಿಯಲ್ಲಿ ಹೋಗಿಬರುವವನಿಗೆ ನಷ್ಟವು ತಪ್ಪದು. ಬೆಂಗಾಳಿಯನ್ನು ಹಿಡಿಯಲು ಒಂದು ದಾರಿ, ಇದಿರುಗಾಳಿಯನ್ನು ತಪ್ಪಿಸಲು ಇನ್ನೊಂದು ದಾರಿಯಾಗಿ ಮಾರ್ಗವನ್ನು ದಿನದಿನವೂ ಬೇರೆಯಾಗಿ ಏರ್ಪಡಿಸುವುದು ಇದಕ್ಕಾಗಿಯೇ.

ವೇಳಾಪಟ್ಟಿಯ ಕಾಲದಲ್ಲಿ ಹಾರಾಟವೊಂದೇ ಇರುವುದಿಲ್ಲ. ವಿಮಾನವು ನಿಂತ ಸ್ಥಳದಿಂದ ಕದಲಿದುದು ಮೊದಲುಗೊಂಡು ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗೆ ಅದರ ಎಣಿಕೆ. ಬೆಂಗಳೂರು ಮಂಗಳೂರುಗಳ ೩೦೬ ಕಿಲೋಮೀಟರನ್ನು ೮೦೦ರ ವೇಗದಿಂದ ಭಾಗಿಸಿದರೆ ೨೩ ನಿಮಿಷ ಬರುವುದು. ಪಟ್ಟಿಯಲ್ಲಿ ಸುಮಾರು ಒಂದು ಗಂಟೆಯಿರುವುದು. ಓಡುವ ಹಾದಿಯವರೆಗೆ ಉರುಳುವುದು, ಏರುವುದು, ಇಳಿಯುವುದು ಇವಕ್ಕೆ ಬೇಕಾದ ಕಾಲವು ದೂರವನ್ನು ಅನುಸರಿಸಿ ಹೆಚ್ಚುವುದಿಲ್ಲ.

ಉಳಿದುದು ಗಡಿಯಾರ. ಬೆಂಗಳೂರು ಲಂಡನ್ನುಗಳ ೭೮ ಅಂಶ ೯ ಕಲೆಯ ದೇಶಾಂತರವು, ಅಂಶಕ್ಕೆ ನಾಲ್ಕು ನಿಮಿಷದಂತೆ, ೫ ಗಂಟೆ ೧೨ ನಿಮಿಷ ೩೬ ಸೆಕೆಂಡು. ಘಳಿಗೆಗಳಲ್ಲಿ ೧೩ಕ್ಕೆ ತುಸು ಹೆಚ್ಚು. ಸೂರ್ಯನು ನಿಜವಾಗಿ ಮಾಡುವ ಅಂತರವು ಇದು. ಭಾರತದ ಗಡಿಯಾರಗಳು ೧೯೦೬ರಿಂದ ೮೨ ಅಂಶ ೩೦ ಕಲೆಯ ರೇಖೆಯನ್ನು ಅನುಸರಿಸುವುದರಿಂದ ವ್ಯವಹಾರದ ಅಂತರವು ಐದೂವರೆ ಗಂಟೆ. ಪಂಚಾಂಗದ ಸೂರ್ಯೋದಯವು ಮಂಗಳೂರಿನಲ್ಲಿ ಬೆಂಗಳೂರಿಗಿಂತ ಸುಮಾರು ೧೧ ನಿಮಿಷ ತಡವಾಗಿದ್ದರೂ ಗಡಿಯಾರಗಳೆರಡೂ ಒಂದೇ ಹೊತ್ತನ್ನು ತೋರಿಸುವುವು. ಆದುದರಿಂದ ಆ ಪ್ರಯಾಣದಲ್ಲಿ ಈ ತೊಡಕಿಲ್ಲ.

ಉದಾಹರಣೆಗೆ, ಚಳಿಗಾಲದಲ್ಲಿ ಬೆಳಗ್ಗೆ ೭ ಗಂಟೆಗೆ ಬೆಂಗಳೂರನ್ನು ಬಿಟ್ಟು ಹತ್ತೂವರೆ ಗಂಟೆಗಳ ಮೇಲೆ ಇಳಿದವನಿಗೆ ಲಂಡನ್ನಿನ ಗಡಿಯಾರವು ೧೨ ಗಂಟೆಯನ್ನು ತೋರಿಸುವುದು. ಐದೇ ಗಂಟೆ ಕಳೆದಂತಾಯಿತು. ಅಲ್ಲಿಂದ ಮಧ್ಯಾಹ್ನ ೧ ಗಂಟೆಗೆ ಹೊರಟು ಒಂಬತ್ತೂವರೆ ಗಂಟೆಗಳ ಮೇಲೆ ಇಳಿದವನಿಗೆ ಬೆಂಗಳೂರಿನ ಗಡಿಯಾರವು ಮರುದಿನದ ಬೆಳಗಿನ ಜಾವ ೪ ಗಂಟೆಯನ್ನು ತೋರಿಸುವುದು. ಹದಿನೈದು ಗಂಟೆ ಕಳೆದಂತಾಯಿತು. ಐದೂ ಹದಿನೈದೂ ಕೂಡಿ ಇಪ್ಪತ್ತು. ಹತ್ತೂವರೆಯೂ ಒಂಬತ್ತೂವರೆಯೂ ಕೂಡಿ ಇಪ್ಪತ್ತು. ಮೊತ್ತದಲ್ಲಿ ದೇಶಾಂತರವು ಕಳೆದುಹೋಗಿ ನಿಜಕಾಲವೇ ಉಳಿಯುವುದು. ಇಷ್ಟು ನಂಬತಕ್ಕ ಮಾತು. ಆದರೆ ಇಲ್ಲಿಗೆ ನಿಲ್ಲದೆ, ಹದಿನೈದರಲ್ಲಿ ಐದನ್ನು ಕಳೆದು ಅರ್ಧಿಸಿ ಗಡಿಯಾರಗಳ ಅಂತರವನ್ನು ತೆಗೆಯುವ ರೀತಿಯೊಂದುಂಟು. ಅದರಿಂದ ಬರುವುದು ಐದು ಗಂಟೆ, ಇರುವುದಾದರೋ ಐದೂವರೆ. ಹೋಗುವ ಬರುವ ಕಾಲಗಳು ಸಮವೆಂದು ಆ ರೀತಿಯು ಒಳಗೊಳಗೇ ಎಣಿಸಿಕೊಂಡಿದೆ. ಗಾಳಿಯಿಂದಾದ ಒಂದು ಗಂಟೆಯ ಭೇದದಲ್ಲಿ ಅರ್ಧವು ದೇಶಾಂತರದೊಳಗೆ ಸೇರಿಕೊಂಡು ಅದನ್ನು ಕೆಡಿಸಿದೆ. ಯೋಜನಗಳಿಂದ ದೇಶಾಂತರವನ್ನು ತೆಗೆಯುವುದರಲ್ಲಿ ಭಾಸ್ಕರನು ಕಂಡ ಸ್ಥೌಲ್ಯವು ಇಲ್ಲಿ ಕಾಲದ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿತು. ಸೂರ್ಯಸಿದ್ಧಾಂತವು ಚಂದ್ರಗ್ರಹಣದಿಂದ ದೇಶಾಂತರವನ್ನು ತೆಗೆಯಹೇಳುವುದು. ಅಲ್ಲಿ ಹಾದಿಯೂ ಇಲ್ಲ, ಗಾಳಿಯೂ ಇಲ್ಲ, ಎರಡು ಊರುಗಳವರು ಒಂದೇ ಕ್ಷಣದಲ್ಲಿ ಒಂದೇ ಛಾಯೆಯನ್ನು ನೋಡುವರು.

ಇಂಗ್ಲೆಂಡಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವರು. ಆಗ ಅಂತರವು ನಾಲ್ಕೂವರೆ ಗಂಟೆ. ಮೇಲಣ ಲೆಕ್ಕವನ್ನು ವಿದ್ಯಾರ್ಥಿಗಳಿಗೆ ಕೊಡುವಾಗ ಅದು ಯಾವ ತಿಂಗಳಿನದೆಂಬುದನ್ನು ಕೂಡ ಹೇಳಬೇಕು.